ಲೋಡು ಏರಿಸುವ ಮೊದಲು ಟ್ರೈಲರ್ ಅಡಿಗೆ ಒಮ್ಮೆ ಬಗ್ಗಿ ನೋಡಿ

ಟ್ರಾಕ್ಟರ್ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೀರಿ, ಸಂತೋಷ. ಆಯುಧಪೂಜೆಗೆ ಬೂದುಗುಂಬಳ ಒಡೆದು, ಬಾಳೆಕಂದು ನಿಲ್ಲಿಸಿ, ಟ್ರೈಲರ್‌ಗೆ ಹೊಸ ಬಣ್ಣ ಬಳಿಸಿ, ಹಿಂದಿನ ಹಲಗೆಯ ಮೇಲೆ ಮಕ್ಕಳ ಹೆಸರೂ ಬರೆಸಿದ್ದೀರಿ. ಅದನ್ನೂ ಬೇಡ ಅನ್ನುವುದಿಲ್ಲ. ಆದರೆ ಆ ಟ್ರೈಲರ್ ಅಡಿಗೆ ನೀವು ಕೊನೆಯ ಸಲ ಬಗ್ಗಿ ನೋಡಿದ್ದು ಯಾವಾಗ, ಹೇಳಿ ನೋಡೋಣ? ಬಣ್ಣದವನು ಬಗ್ಗಿದ್ದಾನೆ, ನೆರಳು ಹುಡುಕಿದ ನಾಯಿಯೂ ಹೋಗಿ ಮಲಗಿ ಬಂದಿದೆ, ಮಾಲೀಕರಾದ ನೀವು ಮಾತ್ರ ಹೋಗಿಲ್ಲ. ಇವತ್ತು ಅದೇ ವಿಷಯಕ್ಕೆ ನಿಮ್ಮ ಕಿವಿ ಹಿಂಡೋಣ ಅಂತ ಕೂತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ಟ್ರಾಕ್ಟರ್ ಇರುವ ಮನೆಯ ಹೆಂಗಸು ಹೇಳುವ ಮಾತು, ಸ್ವಲ್ಪ ಜೋರಾಗಿಯೇ ಇರುತ್ತದೆ.

ಧರ್ಮಪುರಿ 1965ರಲ್ಲೇ ಸೇಲಂನಿಂದ ಬೇರೆ ಜಿಲ್ಲೆಯಾಯಿತು ನಿಜ, ಆದರೆ ಬಾಡಿಗೆ ಓಡಿಸುವವರ ಲೆಕ್ಕದಲ್ಲಿ ಇವತ್ತಿಗೂ ಎರಡೂ ಒಂದೇ. ಪೆನ್ನಾಗರಂ ಕಡೆಯ ಹೊಲದಲ್ಲಿ ಕಿತ್ತ ಮರಗೆಣಸು ಸೇಲಂ, ಆತ್ತೂರಿನ ಸಬ್ಬಕ್ಕಿ ಮಿಲ್ಲು ಸೇರಬೇಕು. ಕಬ್ಬು ಪಾಲಕ್ಕೋಡಿನ ಸಹಕಾರಿ ಸಕ್ಕರೆ ಕಾರ್ಖಾನೆಗೆ ಹೋಗಬೇಕು. ಟೊಮ್ಯಾಟೊ ಅದೇ ಪಾಲಕ್ಕೋಡಿನ ಮಂಡಿಗೆ, ಮಾವು ಕೃಷ್ಣಗಿರಿಯ ಕಡೆಗೆ. ಇದರಲ್ಲಿ ಕಾಯುವ ಮಾಲು ಯಾವುದೂ ಇಲ್ಲ. ಕಿತ್ತ ಮರಗೆಣಸು ಎರಡು ಮೂರು ದಿನದಲ್ಲೇ ಕೆಡಲು ಶುರು, ಮಿಲ್ಲಿನವರು ಹಿಟ್ಟಿನಂಶದ ಪಾಯಿಂಟು ಹಿಡಿದೇ ಬೆಲೆ ಕಟ್ಟುವುದು. ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ. ಸೇಲಂ ಸಬ್ಬಕ್ಕಿಗೆ 2023ರಲ್ಲಿ ಜಿಐ ಮಾನ್ಯತೆ ಬಂತು ಅಂತ ಹೆಮ್ಮೆಪಟ್ಟೆವಲ್ಲ, ಆ ಸಬ್ಬಕ್ಕಿಯ ಗೆಣಸು ಹೊತ್ತ ಟ್ರೈಲರ್ ಒಂದು ಬೋಲ್ಟು ಮುರಿದು ರಸ್ತೆ ಪಕ್ಕ ಕೂತರೆ ಮಾನ್ಯತೆ ಬಂದು ಜಾಕಿ ಕೊಡುವುದಿಲ್ಲ.

ಮಾಲು ಹೊರುವ ಟ್ರೈಲರ್ ಹಾಗೆ ದೋಣಿ ಎಳೆಯುವ ಟ್ರೈಲರೂ ಉಂಟು, ನಮ್ಮ ಕಡೆ ಅದು ಅಪರೂಪ ಬಿಡಿ. ಹೊಗೇನಕಲ್ಲಿನಲ್ಲಿ ತೆಪ್ಪದವರು ಬಿದಿರಿನ ತೆಪ್ಪವನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆದುಬಿಡುತ್ತಾರೆ. ಅವರಿಗೆ ಬೋಲ್ಟು, ಬುಷ್ಷಿನ ಚಿಂತೆಯಿಲ್ಲ. ಆದರೆ ದೋಣಿ ಟ್ರೈಲರ್‌ಗೆ ಬರುವ ನೀರಿನ ಕಾಯಿಲೆ ನಿಮ್ಮ ಟ್ರೈಲರ್‌ಗೂ ಬರುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡು ಹೊರಲು ಇಳಿಸುತ್ತೀರಲ್ಲ, ಅದರ ಮಾತು ಆಮೇಲೆ ಆಡುತ್ತೇನೆ.

ಮೊದಲು ಅಡಿಯಲ್ಲಿ ಏನಿದೆ ತಿಳಿದುಕೊಳ್ಳಿ. ಛಾಸಿಗೂ ಆಕ್ಸಲ್ಲಿಗೂ ನಡುವೆ ಕಮಾನಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಉದ್ದದ ಪಟ್ಟಿಯ ತುದಿಗಳು ಸುರುಳಿಯಾಗಿ, ಅದರೊಳಗೆ ಬುಷ್, ಬುಷ್ಷಿನೊಳಗೆ ಪಿನ್ನು. ಒಂದು ತುದಿ ಛಾಸಿಯ ಬ್ರಾಕೆಟ್ಟಿಗೆ ನೇರ ಸೇರುತ್ತದೆ. ಇನ್ನೊಂದು ತುದಿಗೆ ಶ್ಯಾಕಲ್, ಅಂದರೆ ಹಿಂದೆ ಮುಂದೆ ಆಡುವ ಕೊಂಡಿ, ಯಾಕೆಂದರೆ ಭಾರ ಬಿದ್ದಾಗ ಪಟ್ಟಿ ಚಪ್ಪಟೆಯಾಗಿ ಉದ್ದ ಬೆಳೆಯುತ್ತದೆ, ಅದಕ್ಕೆ ಜಾಗ ಬೇಕು. ಪಟ್ಟಿಗಳನ್ನು ಒಟ್ಟು ಸೇರಿಸಿ ನಡುವೆ ತೂತಿನೊಳಗೆ ಹಾಯುವುದು ಸೆಂಟರ್ ಬೋಲ್ಟ್. ಆಕ್ಸಲ್ಲನ್ನೂ ಪಟ್ಟಿ ಕಟ್ಟನ್ನೂ ಅವುಚಿ ಹಿಡಿಯುವುದು ಎರಡು ಯು-ಬೋಲ್ಟು. ಎರಡು ಚಕ್ರದ ಕೆಲವು ಟಿಪ್ಪಿಂಗ್ ಟ್ರೈಲರ್‌ಗಳಲ್ಲಿ ಪಟ್ಟಿಯೇ ಇರುವುದಿಲ್ಲ, ಆಕ್ಸಲ್ಲನ್ನು ನೇರ ಛಾಸಿಗೇ ಕೂರಿಸಿರುತ್ತಾರೆ. ಅಲ್ಲಿಯೂ ಬಿಗಿಯುವ ಬೋಲ್ಟು ಇದ್ದೇ ಇರುತ್ತದೆ, ಅದೂ ಸಡಿಲವಾಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಸೆಂಟರ್ ಬೋಲ್ಟ್ ಇರುವುದು ಆಕ್ಸಲ್ ಎಲ್ಲಿ ಕೂರಬೇಕು ಎಂದು ಜಾಗ ತೋರಿಸಲು ಮಾತ್ರ. ಲೋಡಿನ ಎಳೆತ, ಬ್ರೇಕಿನ ನೂಕು ಎಲ್ಲವನ್ನೂ ತಡೆಯುವುದು ಯು-ಬೋಲ್ಟಿನ ಬಿಗಿ. ಯು-ಬೋಲ್ಟ್ ಸಡಿಲವಾದ ದಿನ ಆ ಕೆಲಸವೆಲ್ಲ ಬೆರಳು ದಪ್ಪದ ಸೆಂಟರ್ ಬೋಲ್ಟಿನ ತಲೆ ಮೇಲೆ ಬೀಳುತ್ತದೆ. ಅದು ಎಷ್ಟು ದಿನ ತಾಳೀತು? ತುಂಡಾಗುತ್ತದೆ, ಆಕ್ಸಲ್ ಒಂದು ಕಡೆ ಹಿಂದಕ್ಕೆ ಜಾರುತ್ತದೆ, ಟ್ರೈಲರ್ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ. ಇನ್ನೂ ಒಂದು ಕೇಡಿದೆ. ಬಿಗಿ ಇದ್ದಾಗ ಪಟ್ಟಿಯ ನಡುಭಾಗ ಬಾಗುವುದೇ ಇಲ್ಲ, ಎರಡು ಪಕ್ಕ ಮಾತ್ರ ಬಾಗುತ್ತದೆ. ಬಿಗಿ ಹೋದರೆ ನಡುವೂ ಬಾಗುತ್ತದೆ, ನಡುವೆ ಇರುವುದೋ ಸೆಂಟರ್ ಬೋಲ್ಟಿನ ತೂತು, ಇಡೀ ಪಟ್ಟಿಯಲ್ಲಿ ಅದೇ ಸೊರಗಿದ ಜಾಗ. ಪಟ್ಟಿ ಸರಿಯಾಗಿ ತೂತಿನ ಹತ್ತಿರವೇ ಮುರಿದಿದೆ ಅಂದರೆ ಅಂಗಡಿಯವನು ಕೆಟ್ಟ ಪಟ್ಟಿ ಕೊಟ್ಟ ಅಂತ ಬೈಯುವ ಮೊದಲು ನಿಮ್ಮ ಯು-ಬೋಲ್ಟಿನ ಕಡೆ ನೋಡಿ.

ಆದರೆ ನೀವು ಬೈಯುವುದು ರಸ್ತೆಯನ್ನು. ಹಳ್ಳಿ ರಸ್ತೆ ಸರಿಯಿಲ್ಲ, ಹಂಪು ಜಾಸ್ತಿ, ಪಂಚಾಯಿತಿಯವರು ಗುಂಡಿ ಮುಚ್ಚಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುಂಡಿ ಇರುವುದು ಎಲ್ಲರಿಗೂ ಗೊತ್ತು, ಗುಂಡಿಗಾಗಿಯೇ ಅಲ್ಲವೇ ಪಟ್ಟಿ ಹಾಕಿರುವುದು? ನಾನು ಕಂಡಮಟ್ಟಿಗೆ ಟ್ರೈಲರ್ ಕೆಳಭಾಗ ಹಾಳಾಗುವುದು ಎರಡೇ ಕಾರಣಕ್ಕೆ, ಮಿತಿಮೀರಿದ ಲೋಡು ಮತ್ತು ಬಗ್ಗಲು ಸೋಮಾರಿತನ. ಮೊದಲನೆಯದಕ್ಕೆ ದುಡ್ಡಿನ ಆಸೆ ಅಂತ ನೆಪವಾದರೂ ಇದೆ, ಎರಡನೆಯದಕ್ಕೆ ಅದೂ ಇಲ್ಲ.

ಸರಿ, ಬಗ್ಗುತ್ತೇನೆ ಅಂತ ಒಪ್ಪಿಕೊಂಡಿರಿ ತಾನೇ? ತಡೆಯಿರಿ, ಹಾಗೇ ನುಗ್ಗಬೇಡಿ. ಲೋಡು ಇಳಿಸಿರಬೇಕು. ಗಟ್ಟಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿರಬೇಕು, ಉತ್ತ ಹೊಲದ ಬದುವಿನಲ್ಲಲ್ಲ. ಟ್ರೈಲರನ್ನು ಟ್ರಾಕ್ಟರಿಗೆ ಕೂಡಿಸಿಯೇ ಇಟ್ಟು, ಎಂಜಿನ್ ಬಂದ್ ಮಾಡಿ, ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಎರಡು ಚಕ್ರದ ಟ್ರೈಲರನ್ನು ಬಿಚ್ಚಿ ನಿಲ್ಲಿಸಿ ಅಡಿಗೆ ಹೋದರೆ ಮೂತಿ ಎತ್ತಿ ಹಿಂದಕ್ಕೆ ಬೀಳಬಹುದು. ಚಕ್ರದ ಮುಂದೆ ಹಿಂದೆ ಮರದ ದಿಮ್ಮಿ ಕೊಡಿ. ಉರುಟು ಕಲ್ಲು ಕೊಡುವ ಚಾಳಿ ಬಿಡಿ, ಕಲ್ಲು ಜಾರುತ್ತದೆ. ಚಕ್ರ ಎತ್ತಬೇಕಾಗಿ ಬಂದರೆ ಜಾಕಿ ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡೋ ಅಡ್ಡಡ್ಡ ಜೋಡಿಸಿದ ಗಟ್ಟಿ ಮರದ ತೊಲೆಗಳೋ ಇರಲೇಬೇಕು. ಟಿಪ್ಪಿಂಗ್ ಟ್ರೈಲರ್‌ನ ತೊಟ್ಟಿ ಮೇಲೆತ್ತಿ ಅದರ ಕೆಳಗೆ ತಲೆ ಹಾಕುವವರಿಗಂತೂ ಎರಡು ಏಟು ಕೊಡಬೇಕು ಅನಿಸುತ್ತದೆ. ಹೈಡ್ರಾಲಿಕ್ ಎಣ್ಣೆ ನಂಬಿ ಯಾವತ್ತೂ ಹೋಗಬೇಡಿ. ಒಂದು ಹೋಸು ಒಡೆದರೆ ತೊಟ್ಟಿ ಇಳಿಯುವ ವೇಗಕ್ಕೆ ಮನುಷ್ಯ ಹೊರಗೆ ಬರಲಾರ. ಕಬ್ಬಿಣದ ಊರುಗೋಲು ಕೊಟ್ಟ ಮೇಲಷ್ಟೇ ಕೆಳಗೆ ಕೈ. ಮಕ್ಕಳನ್ನು ಟಾರ್ಚು ಹಿಡಿಯಲು ಕರೆಯಬೇಡಿ, ಅವು ಮನೆಯಲ್ಲಿ ಓದಿಕೊಳ್ಳಲಿ.

ಈಗ ನೋಡಿ. ತಂತಿ ಬ್ರಷ್ಷಿನಿಂದ ಮಣ್ಣು ಕೆರೆಯುವುದಕ್ಕೂ ನೀರು ಹೊಡೆದು ತೊಳೆಯುವುದಕ್ಕೂ ಮೊದಲೇ ಒಂದು ಸುತ್ತು ಕಣ್ಣಾಡಿಸಿ. ತೊಳೆದರೆ ಸಾಕ್ಷಿಯೂ ತೊಳೆದುಹೋಗುತ್ತದೆ. ಯಾವ ಸಾಕ್ಷಿ ಅಂತೀರಾ? ಯು-ಬೋಲ್ಟಿನ ನಟ್ಟಿನ ಕೆಳಗಿನಿಂದ ಕಾಫಿಪುಡಿಯಂಥ ಕೆಂಗಂದು ಪುಡಿ ಉದುರಿ, ತಗಡಿನ ಮೇಲೆ ಸಣ್ಣ ಗೀರಾಗಿ ಇಳಿದಿರುತ್ತದೆ. ಹಳೇ ತುಕ್ಕು ಹಾಗೆ ಇರುವುದಿಲ್ಲ, ಅದು ಗಟ್ಟಿಯಾಗಿ ಹಕ್ಕಳೆ ಕಟ್ಟಿಕೊಂಡಿರುತ್ತದೆ, ಬಣ್ಣವೂ ಕಪ್ಪಗಿನ ಕಂದು. ಈ ಹೊಸ ಪುಡಿಯನ್ನು ಬೆರಳಿಂದ ಒರೆಸಿದರೆ ನುಣ್ಣಗೆ ಅಂಟುತ್ತದೆ. ಅದು ಬಂದಿದ್ದು ಎರಡು ಲೋಹ ಒಂದಕ್ಕೊಂದು ಉಜ್ಜಿ. ಉಜ್ಜಿದೆ ಅಂದರೆ ಅಲುಗಾಡಿದೆ, ಅಲುಗಾಡಿದೆ ಅಂದರೆ ಬಿಗಿ ಹೋಗಿದೆ. ನಟ್ಟು ಕೈಯಲ್ಲಿ ತಿರುಗುವಷ್ಟು ಸಡಿಲವಾಗಲಿ ಆಮೇಲೆ ನೋಡೋಣ ಅಂತ ಕಾಯುವವರು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಪೈಕಿ. ಪುಡಿ ಕಂಡ ದಿನವೇ ಪಾನಾ ಹಿಡಿಯಿರಿ.

ಪುಡಿಯ ಜೊತೆಗೆ ಹೊಳಪನ್ನೂ ಹುಡುಕಿ. ಪಟ್ಟಿ ಕೂರುವ ಜಾಗದ ಅಂಚಿನಲ್ಲಿ ಬಣ್ಣ ಹೋಗಿ ಬೆಳ್ಳಗೆ ಉಕ್ಕು ಮಿನುಗುತ್ತಿದ್ದರೆ ಆಕ್ಸಲ್ ಅಲ್ಲಿ ಸರಿದಾಡುತ್ತಿದೆ. ಟೈರು ಮಡ್‌ಗಾರ್ಡಿಗೋ ತೊಟ್ಟಿಯ ಪಕ್ಕಕ್ಕೋ ತಾಗಿ ಕಪ್ಪು ಗುರುತು ಬಿದ್ದಿದ್ದರೆ, ಟೈರಿನ ಒಂದೇ ಅಂಚು ಸವೆದಿದ್ದರೆ, ಖಾಲಿ ಟ್ರೈಲರ್ ಒಂದು ಕಡೆಗೆ ವಾಲಿ ನಿಂತಿದ್ದರೆ ಕಾರಣ ಹುಡುಕಲೇಬೇಕು. ಆಮೇಲೆ ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಪ್ರತಿ ಪಟ್ಟಿಯನ್ನೂ, ಪ್ರತಿ ನಟ್ಟನ್ನೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇರುವುದು ಠಣ್ ಅನ್ನುತ್ತದೆ, ಬಿರುಕು ಬಿಟ್ಟಿದ್ದು, ಸಡಿಲವಾದದ್ದು ಬದ್ ಅನ್ನುತ್ತದೆ. ಸಂಕಗಿರಿ, ನಾಮಕ್ಕಲ್ ಲಾರಿ ವರ್ಕ್‌ಶಾಪುಗಳ ಹಳೇ ಮೆಕ್ಯಾನಿಕ್ಕುಗಳು ಇದನ್ನು ಮಾಡುವುದು ನೋಡಿ ಕಲಿಯಬೇಕು. ಮಾತಾಡುತ್ತಲೇ ತಟ್ಟುತ್ತ ಹೋಗಿ, ತಟ್ಟಂತ ಒಂದು ಕಡೆ ಮಾತು ನಿಲ್ಲಿಸಿ ಅದೇ ಪಟ್ಟಿಯನ್ನು ಇನ್ನೊಮ್ಮೆ ತಟ್ಟುತ್ತಾರೆ. ಬಿರುಕು ಅಲ್ಲೇ ಸಿಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಕಪ್ಪು ಗೆರೆಯಾಗಿ ಮೇಲೆ ಬರುತ್ತದೆ. ಹಳೇ ಕಾಲದ ಉಪಾಯ, ಖರ್ಚಿಲ್ಲ.

ಶ್ಯಾಕಲ್, ಬುಷ್ಷಿಗೆ ಕಣ್ಣು ಸಾಲದು, ಹಾರೆ ಬೇಕು. ಪಟ್ಟಿಯ ಸುರುಳಿಗೂ ಬ್ರಾಕೆಟ್ಟಿಗೂ ನಡುವೆ ಹಾರೆಯ ತುದಿ ಕೊಟ್ಟು ಮೇಲೆ ಕೆಳಗೆ ಮೀಟಿ. ಪಿನ್ನು ಬುಷ್ಷಿನೊಳಗೆ ಟಕ್ ಅಂತ ಆಡಿದರೆ ಬುಷ್ ಸವೆದಿದೆ. ಹಂಪಿನ ಮೇಲೆ ಖಾಲಿ ಟ್ರೈಲರ್ ಕಟಕಟ ಅನ್ನುವುದು ಬಹುಪಾಲು ಇದೇ. ಬುಷ್ಷಿನ ಬೆಲೆ ಚಿಲ್ಲರೆ, ಆದರೆ ಅದನ್ನು ಬಿಟ್ಟರೆ ಪಿನ್ನು ಸವೆಯುತ್ತದೆ, ಆಮೇಲೆ ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರ ಆಗುತ್ತದೆ, ಆಗ ಛಾಸಿಗೇ ಕೆಲಸ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಅನ್ನುವುದು ಇದಕ್ಕೇ. ಗ್ರೀಸ್ ನಿಪ್ಪಲ್ ಇದ್ದರೆ ಹಳೇ ಕೊಳಕು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ರಬ್ಬರ್ ಬುಷ್ಷಿಗೆ ಮಾತ್ರ ಗ್ರೀಸು ಬಳಿಯಬೇಡಿ, ರಬ್ಬರು ಉಬ್ಬಿ ಕೊಳೆಯುತ್ತದೆ. ಎಣ್ಣೆ ಕಂಡಲ್ಲೆಲ್ಲ ಸುರಿಯುವ ಪ್ರೀತಿ ನಿಮ್ಮದು, ಗೊತ್ತು.

ಇನ್ನು ಅಳತೆ. ಇದನ್ನು ನೂರರಲ್ಲಿ ಒಬ್ಬರೂ ಮಾಡುವುದಿಲ್ಲವೇನೋ, ಮಾಡಿದರೆ ಐದು ನಿಮಿಷದ ಕೆಲಸ. ಟ್ರೈಲರ್‌ನ ಕೊಕ್ಕೆ, ಅಂದರೆ ಹಿಚ್ ಪಿನ್ನು ಕೂರುವ ತೂತಿನ ನಡುವಿನಿಂದ ಆಕ್ಸಲ್ಲಿನ ಎಡತುದಿಗೆ ಟೇಪು ಹಿಡಿಯಿರಿ, ಆಮೇಲೆ ಬಲತುದಿಗೆ. ಎರಡೂ ಸಮ ಇರಬೇಕು. ಮೂರು ಮಿಲಿಮೀಟರ್ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕಿಂತ ಜಾಸ್ತಿ ಇದ್ದರೆ ಆಕ್ಸಲ್ ಜಾರಿದೆ. ನೈಲಾನ್ ಹಗ್ಗದಲ್ಲಿ ಅಳೆಯಬೇಡಿ, ಅದು ಎಳೆದಷ್ಟೂ ಉದ್ದವಾಗಿ ನಿಮಗೆ ಬೇಕಾದ ಉತ್ತರವನ್ನೇ ಹೇಳುತ್ತದೆ. ಉಕ್ಕಿನ ಟೇಪೇ ಬೇಕು.

ಬಿಗಿಯುವ ಕೆಲಸಕ್ಕೆ ಬರೋಣ. ಯು-ಬೋಲ್ಟ್ ಬಿಗಿಯುವಾಗ ಚಕ್ರ ನೆಲದ ಮೇಲಿರಲಿ, ಪಟ್ಟಿಯ ಮೇಲೆ ಟ್ರೈಲರ್‌ನ ಸ್ವಂತ ಭಾರ ಇರಲಿ. ಜಾಕಿಯಲ್ಲಿ ಎತ್ತಿ, ಪಟ್ಟಿ ಜೋತುಬಿದ್ದಾಗ ಬಿಗಿದರೆ ಇಳಿಸಿದ ಕೂಡಲೇ ಬಿಗಿ ಕಮ್ಮಿಯಾಗುತ್ತದೆ. ನಾಲ್ಕು ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿದು ಮುಂದೆ ಹೋಗಬೇಡಿ. ಕರ್ಣದ ಲೆಕ್ಕದಲ್ಲಿ, ಈ ಮೂಲೆ ಆದ ಮೇಲೆ ಎದುರು ಮೂಲೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ನಾಲ್ಕೂ ಕಡೆ ಸಮಕ್ಕೆ ತನ್ನಿ. ಎರಡು ಪಕ್ಕದಲ್ಲೂ ನಟ್ಟಿನ ಹೊರಗೆ ಕಾಣುವ ಥ್ರೆಡ್ಡಿನ ಉದ್ದ ಒಂದೇ ಇರಬೇಕು. ಎಷ್ಟು ಬಿಗಿ ಅನ್ನುವುದು ಬೋಲ್ಟಿನ ದಪ್ಪದ ಮೇಲಿದೆ, ಟ್ರೈಲರ್ ಮಾಡಿಕೊಟ್ಟವರನ್ನೋ ಬೋಲ್ಟು ಮಾರಿದವರನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಟಾರ್ಕ್ ವ್ರೆಂಚ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಈ ಲೆಕ್ಕ ಇಟ್ಟುಕೊಳ್ಳಿ, ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 20 ಕಿಲೋ ಒತ್ತಡ ಹಾಕಿದರೆ ಸುಮಾರು 200 ನ್ಯೂಟನ್ ಮೀಟರ್ ಬಿಗಿ ಬರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಎರಡು ಮೀಟರ್ ಪೈಪು ಸಿಕ್ಕಿಸಿ ಇಬ್ಬರು ಆಳು ನೇತಾಡುವ ಹುಚ್ಚು ಬಿಡುತ್ತೀರಿ. ಹಾಗೆ ಬಿಗಿದ ಬೋಲ್ಟು ಒಳಗೇ ಹಿಗ್ಗಿ, ಥ್ರೆಡ್ಡು ಹರಿದು, ಹೊರಗೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಸಡಿಲ ಬೋಲ್ಟಿಗಿಂತ ಅದು ಅಪಾಯ.

ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಒಂದು ಬಿಳಿ ಬಣ್ಣದ ಗೆರೆ ಎಳೆಯಿರಿ. ಬೇಕಾದರೆ ಮನೆಯಲ್ಲಿರುವ ಉಗುರು ಬಣ್ಣ ತನ್ನಿ, ಹೆಂಡತಿ ಬೈದರೆ ನನ್ನ ಹೆಸರು ಹೇಳಿ. ನಟ್ಟು ಒಂದು ಎಳೆ ತಿರುಗಿದರೂ ಗೆರೆ ಒಡೆದು ಕಾಣುತ್ತದೆ. ಆಮೇಲೆ ದಿನಾ ಪಾನಾ ಹಿಡಿಯಬೇಕಿಲ್ಲ, ಟೀ ಕುಡಿಯುತ್ತ ಬಗ್ಗಿ ನೋಡಿದರೂ ಸಾಕು.

ಮುರಿದದ್ದನ್ನು ಬದಲಿಸುವ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಒಮ್ಮೆ ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕಬೇಡಿ, ಅದು ಆಗಲೇ ಹಿಗ್ಗಿದೆ. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಅದೊಂದನ್ನೇ ಹಾಕಿ ಕೈ ತೊಳೆದುಕೊಳ್ಳಬೇಡಿ, ಯು-ಬೋಲ್ಟ್ ಸಡಿಲವಾಗಿದ್ದಕ್ಕೇ ಅದು ತುಂಡಾಗಿದ್ದು. ಒಂದು ಕಡೆಯ ಪಟ್ಟಿ ಮುರಿದರೆ ಅಷ್ಟೇ ಅಗಲ, ಅಷ್ಟೇ ದಪ್ಪದ ಪಟ್ಟಿ ಹಾಕಿ, ಇನ್ನೊಂದು ಕಡೆಯ ಕಟ್ಟಿನ ಬಾಗಿನ ಜೊತೆಗೆ ಹೋಲಿಸಿ ನೋಡಿ. ಬಾಗು ಬೇರೆಬೇರೆ ಇದ್ದರೆ ಟ್ರೈಲರ್ ಸದಾ ವಾಲುತ್ತದೆ.

ವೆಲ್ಡಿಂಗ್ ಮಾತ್ರ ಬೇಡ, ಕೈ ಮುಗಿಯುತ್ತೇನೆ. ಊರ ಬಾಗಿಲಲ್ಲೇ ವೆಲ್ಡಿಂಗ್ ಶಾಪಿದೆ, ಕೈಗೆಟುಕುವ ದುಡ್ಡಿಗೆ ಮುರಿದ ಪಟ್ಟಿ ಕೂಡುತ್ತದೆ ಅಂತ ಹೋಗುತ್ತೀರಿ. ಕಂಜಮಲೈ ಅದಿರಿನ ಪಕ್ಕದಲ್ಲಿ, ಉಕ್ಕಿನ ಕಾರ್ಖಾನೆ ಇರುವ ಜಿಲ್ಲೆಯಲ್ಲಿ ಬದುಕುವವರಿಗೆ ಉಕ್ಕಿನ ಗುಣ ನಾನು ಹೇಳಬೇಕೇ? ಪಟ್ಟಿಯ ಉಕ್ಕಿಗೆ ಆ ಬಾಗಿ ಮರಳುವ ಗುಣ ಬಂದದ್ದು ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ವೆಲ್ಡಿಂಗ್ ಬೆಂಕಿ ತಾಗಿದ ಕೂಡಲೇ ಆ ಹದ ಹೋಯಿತು. ಬೆಸೆದ ಜಾಗದ ಪಕ್ಕದಲ್ಲೇ ಗಾಜಿನಂತೆ ಒಡೆಯುತ್ತದೆ, ಅದೂ ಲೋಡಿನಲ್ಲಿ, ಅದೂ ತಿರುವಿನಲ್ಲಿ. ಗ್ಯಾಸ್ ಬೆಂಕಿ ಹಿಡಿದು ಪಟ್ಟಿ ಬಾಗಿಸುವುದು, ಪಟ್ಟಿಯಲ್ಲಿ ಹೊಸ ತೂತು ಕೊರೆಯುವುದು, ಇವೂ ಅದೇ ಜಾತಿಯ ತಪ್ಪು. ಛಾಸಿಯ ಬ್ರಾಕೆಟ್ಟಿಗೆ ವೆಲ್ಡಿಂಗ್ ಬೇಕಾದರೆ ಮಾಡಿಸಿ, ಅದು ಮೆದು ಉಕ್ಕು, ತಾಳುತ್ತದೆ. ಆದರೆ ಹಳೇ ಬಿರುಕಿನ ಮೇಲೆಯೇ ಬಳಿಯದೆ, ಪೂರಾ ಉಜ್ಜಿ ಬಿಡಿಸಿ ಬೆಸೆಯಲು ಹೇಳಿ. ಬೆಸೆಯುವಾಗ ಕಿಡಿ ಪಟ್ಟಿಯ ಮೇಲೆ ಬೀಳದ ಹಾಗೆ ಒದ್ದೆ ಗೋಣಿ ಹೊದಿಸಲಿ.

ಇನ್ನೊಂದು ಚಾಳಿ, ಎಕ್ಸ್‌ಟ್ರಾ ಪಟ್ಟಿ ಹಾಕಿಸುವುದು. ಪಕ್ಕದ ಮನೆಯವನು ಎರಡು ಪಟ್ಟಿ ಜಾಸ್ತಿ ಹಾಕಿಸಿ ಎಂಥ ಲೋಡು ಹೊರುತ್ತಾನೆ ನೋಡಿ ಅಂತ ನೀವೂ ಹೊರಟಿರಿ. ಪಟ್ಟಿ ಗಟ್ಟಿಯಾದರೆ ಭಾರ ಮಾಯವಾಗುವುದಿಲ್ಲ ಕಣ್ರೀ. ಗುಂಡಿಯ ಏಟು ಪಟ್ಟಿ ನುಂಗುವ ಬದಲು ಛಾಸಿಗೆ, ಆಕ್ಸಲ್ಲಿಗೆ, ಹಬ್ಬಿನ ಬೇರಿಂಗಿಗೆ, ಟೈರಿಗೆ ಹೋಗುತ್ತದೆ. ಬ್ರೇಕಂತೂ ಹಳೆಯದೇ, ಅದಕ್ಕೆ ಯಾರೂ ಎಕ್ಸ್‌ಟ್ರಾ ಹಾಕಿಸಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಕಬ್ಬಿನ ಲೋಡು ಹಲಗೆಯಿಂದ ಮೇಲೆ ಎರಡಾಳು ಎತ್ತರ ಪೇರಿಸಿ ವಾಲಾಡಿಸಿಕೊಂಡು ಬರುವುದನ್ನು ನೋಡಿದರೆ ಎದುರು ಬರುವವರ ಎದೆ ಝಲ್ಲೆನ್ನುತ್ತದೆ, ನಿಮಗೆ ಅದು ಕಾಣುವುದಿಲ್ಲ, ಬೆನ್ನ ಹಿಂದಿದೆಯಲ್ಲ.

ಕೆರೆ ಗೋಡಿನ ಮಾತು ಹೇಳುತ್ತೇನೆ ಅಂದಿದ್ದೆ. ಬೇಸಿಗೆಯಲ್ಲಿ ಸರ್ಕಾರದ ಅನುಮತಿ ಪಡೆದು ಕೆರೆಯ ಗೋಡು ಮಣ್ಣು ಹೊಲಕ್ಕೆ ಹೊರುತ್ತೀರಿ, ಒಳ್ಳೆಯ ಕೆಲಸ, ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಆದರೆ ದೂರದಿಂದ ಓಡಿ ಬಂದ ಟ್ರೈಲರನ್ನು ನೇರ ನೀರಿಗೆ, ಕೆಸರಿಗೆ ಹಿಮ್ಮುಖ ಇಳಿಸಬೇಡಿ. ಓಡಿ ಬಂದ ಹಬ್ಬು ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿಗೆ ಬಿದ್ದ ಕೂಡಲೇ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದೋಣಿ ಇಳಿಸುವ ಟ್ರೈಲರ್‌ಗಳ ಬೇರಿಂಗ್ ಪದೇ ಪದೇ ಹೋಗುವುದು ಹೀಗೆಯೇ. ಗ್ರೀಸು ಹಾಲಿನಂತೆ ಬೆಳ್ಳಗೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ, ತೊಳೆದು ಹೊಸ ಗ್ರೀಸು ತುಂಬಿಸಿ. ಕೈಗೆ ಹಬ್ಬು ತಣ್ಣಗೆ ತಾಕುವವರೆಗೆ ದಡದಲ್ಲಿ ನಿಲ್ಲಿಸಿ, ಆ ಹೊತ್ತಿಗೆ ಬುತ್ತಿ ಬಿಚ್ಚಿ. ಕೆಲಸ ಮುಗಿದ ಸಂಜೆ ಪಟ್ಟಿಗಳ ಸಂದಿನ ಕೆಸರು ತೊಳೆದು ತೆಗೆಯಿರಿ. ಒಣಗಿದ ಗೋಡು ಉಪ್ಪುಕಾಗದದ ಹಾಗೆ ಉಜ್ಜುತ್ತದೆ, ಒದ್ದೆ ಗೋಡು ತುಕ್ಕು ಸಾಕುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಸರಿ, ಪಟ್ಟಿ ಕೆಸರಾದರೆ ಮಾತ್ರ ಬಾಯಿಗೆ ಮಣ್ಣೇ.

ತೊಪ್ಪೂರು ಘಾಟಿಯ ಹೆಸರು ಕೇಳಿದರೆ ನಮ್ಮ ಕಡೆ ಯಾರಿಗೂ ವಿವರ ಬೇಕಿಲ್ಲ. ಧರ್ಮಪುರಿಯಿಂದ ಸೇಲಂಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 44ರ ಆ ಇಳಿಜಾರಿನಲ್ಲಿ ಎಷ್ಟು ಲಾರಿ ಎಷ್ಟು ಕಾರಿನ ಮೇಲೆ ಹತ್ತಿವೆ ಅನ್ನುವುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2024ರ ಜನವರಿಯಲ್ಲೂ ಲಾರಿಗಳು ಡಿಕ್ಕಿ ಹೊಡೆದು ಬೆಂಕಿ ಹತ್ತಿ ಜೀವ ಹೋದವು. ಬ್ರೇಕು ಕೆಟ್ಟಿತು ಅನ್ನುತ್ತೇವೆ. ಬ್ರೇಕು ಸರಿಯಿದ್ದರೂ ಆಕ್ಸಲ್ ಜಾಗದಲ್ಲಿ ನಿಲ್ಲದಿದ್ದರೆ ಬ್ರೇಕು ಹಿಡಿದ ಕ್ಷಣ ಟ್ರೈಲರ್ ಒಂದು ಕಡೆ ಎಳೆಯುತ್ತದೆ, ಟ್ರಾಕ್ಟರನ್ನೇ ಹಿಂದಿನಿಂದ ದೂಡಿ ತಿರುಗಿಸಿಬಿಡುತ್ತದೆ. ಆದ್ದರಿಂದ ಲೋಡು ಟ್ರೈಲರ್ ಕಟ್ಟಿಕೊಂಡು ಘಾಟಿಗೆ ಹೋಗುವುದೇ ಬೇಡ, ಮಿಲ್ಲು ಆ ಕಡೆಯೇ ಇದ್ದರೆ ಮಾಲು ಲಾರಿಗೆ ಕೊಡಿ ಅಂತ ನನ್ನ ಮಾತು. ಹೋಗಲೇಬೇಕಾದವರು ಮೇಲೆಯೇ ನಿಲ್ಲಿಸಿ ಯು-ಬೋಲ್ಟಿನ ಬಿಳಿ ಗೆರೆ, ಹಿಚ್ ಪಿನ್ನಿನ ಲಾಕು, ಸುರಕ್ಷಾ ಸರಪಣಿ ನೋಡಿ ಕಮ್ಮಿ ಗೇರಿಗೆ ಹಾಕಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಬುದ್ಧಿವಂತರ ಜೊತೆ ನಾನು ಮಾತೇ ಆಡುವುದಿಲ್ಲ. ಏರ್ಕಾಡಿನ 20 ಹೇರ್‌ಪಿನ್ ತಿರುವುಗಳಿಗೂ ಇದೇ ನಿಯಮ, ಅಲ್ಲಿ ಪ್ರತಿ ತಿರುವಿನಲ್ಲೂ ಹೊರಗಡೆಯ ಪಟ್ಟಿಯ ಮೇಲೆ ಭಾರ ಸುರಿಯುತ್ತದೆ.

ಆಡಿ ಹದಿನೆಂಟಕ್ಕೆ ಹೊಗೇನಕಲ್, ಮೆಟ್ಟೂರಿಗೆ, ಅಮಾವಾಸ್ಯೆಗೆ ಪಾಲಾರ್ ಸೇತುವೆ ದಾಟಿ ಮಾದಪ್ಪನ ಬೆಟ್ಟಕ್ಕೆ ಅಂತ ಟ್ರೈಲರ್ ತುಂಬ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುತ್ತೀರಲ್ಲ, ಅದನ್ನು ನಿಲ್ಲಿಸಿ. ಮಾಲು ಹೊರುವ ಟ್ರೈಲರ್‌ನಲ್ಲಿ ಜನ ಕೂರಿಸುವುದಕ್ಕೆ ಕಾನೂನೂ ಒಪ್ಪುವುದಿಲ್ಲ, ವಿಮೆಯವರೂ ಪರಿಹಾರ ಕೊಡುವುದಿಲ್ಲ. ಮಾದಪ್ಪ ಕಾಯುತ್ತಾನೆ ನಿಜ, ಹಾಗಂತ ಬೋಲ್ಟು ಬಿಗಿಯುವ ಕೆಲಸವನ್ನೂ ಅವನಿಗೇ ಹೊರಿಸಬೇಡಿ. ಬಸ್ಸಿದೆ, ವ್ಯಾನು ಬಾಡಿಗೆಗೆ ಸಿಗುತ್ತದೆ, ಹತ್ತು ಮನೆ ಸೇರಿ ಹಂಚಿಕೊಂಡರೆ ಭಾರವೂ ಆಗುವುದಿಲ್ಲ.

ಇಷ್ಟೆಲ್ಲ ಯಾವಾಗ ಮಾಡುವುದು ಅಂದರೆ, ಆಯುಧಪೂಜೆಗೆ ವಾರ ಮುಂಚೆ. ಬಣ್ಣ ಬಳಿಯುವುದಕ್ಕೆ ಮೊದಲೇ ಮಾಡಿ, ಬಣ್ಣ ಬಳಿದ ಮೇಲೆ ಬಿರುಕೂ ಪುಡಿಯೂ ಒಂದೇ ಬಣ್ಣ. ಗೆಣಸು, ಕಬ್ಬಿನ ಓಡಾಟ ಜೋರಾಗುವ ಮೊದಲಿನ ಹೊತ್ತೂ ಅದೇ, ಮೆಕ್ಯಾನಿಕ್ಕೂ ಕೈಗೆ ಸಿಗುತ್ತಾನೆ. ಸೀಸನ್ನಿನ ನಡುವೆ ಹೋದರೆ ಅವನ ಅಂಗಡಿ ಮುಂದೆ ನಿಮ್ಮಂಥವರದೇ ಸಾಲು. ಓಡಾಟ ಇರುವ ದಿನಗಳಲ್ಲಿ ವಾರಕ್ಕೊಮ್ಮೆ ಗೆರೆ ನೋಡುವುದು, ತಿಂಗಳಿಗೊಮ್ಮೆ ಹಾರೆ ಹಾಕುವುದು, ಗುಂಡಿಗೆ ಧಡ್ ಅಂತ ಬಿದ್ದ ದಿನ ಅಂದೇ ನಿಲ್ಲಿಸಿ ಬಗ್ಗುವುದು. ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಹಳೇ ಬನೀನು, ಖಾಲಿ ಬಾಟ್ಲಿ ತುಂಬಿಟ್ಟಿದ್ದೀರಿ, ಅದನ್ನು ತೆಗೆದು ನಿಮ್ಮ ಯು-ಬೋಲ್ಟಿನ ಅಳತೆಯ ಪಾನಾ, ಒಂದು ಜೊತೆ ಹೊಸ ಯು-ಬೋಲ್ಟು, ಒಂದು ಸೆಂಟರ್ ಬೋಲ್ಟು, ತಂತಿ ಬ್ರಷ್ಷು, ಟಾರ್ಚು ಇಡಿ. ಟಾರ್ಚಿನಲ್ಲಿ ಸೆಲ್ಲು ಇದೆಯೇ ನೋಡಿ.

ಹೊಸ ಯು-ಬೋಲ್ಟು ಹಾಕಿಸಿಕೊಂಡು ಬಂದವರಿಗೆ ಇನ್ನೊಂದು ಮಾತು. ಎಷ್ಟೇ ಚೆನ್ನಾಗಿ ಬಿಗಿದಿದ್ದರೂ ಮೊದಲ ಲೋಡಿಗೆ ಪಟ್ಟಿಗಳು ಒಂದರ ಮೇಲೊಂದು ಒತ್ತಿ ಕೂರುತ್ತವೆ, ಬಣ್ಣದ ಪದರು ನುಗ್ಗಾಗುತ್ತದೆ, ಬಿಗಿ ತಾನಾಗಿ ಒಂದಷ್ಟು ಕಮ್ಮಿಯಾಗುತ್ತದೆ. ಅದು ಬೋಲ್ಟಿನ ದೋಷವಲ್ಲ. ಲೋಡು ಇಳಿಸಿ ವಾಪಸು ಬಂದ ದಿನ, ಬಹಳ ಅಂದರೆ ನೂರು ಕಿಲೋಮೀಟರ್ ಒಳಗೆ, ಮತ್ತೆ ಪಾನಾ ಹಾಕಿ ಬಿಗಿ ನೋಡಿ, ಬಿಳಿ ಗೆರೆ ಹೊಸದಾಗಿ ಎಳೆಯಿರಿ. ಬಿಚ್ಚಿದ ಹಳೇ ಯು-ಬೋಲ್ಟುಗಳನ್ನು ಯಾವತ್ತಾದರೂ ಬೇಕಾದೀತು ಅಂತ ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂಡಿಡಬೇಡಿ. ಮುಂದಿನ ಸೀಸನ್ನಿಗೆ ನಿಮ್ಮ ಮಗನೋ ಡ್ರೈವರೋ ಅದನ್ನೇ ಒರೆಸಿ ಹಾಕುತ್ತಾನೆ. ಅದೇ ದಿನ ಗುಜರಿಯವನಿಗೆ ತೂಕಕ್ಕೆ ಹಾಕಿ.